ಪ್ರೆಸ್ಸಿನಕ್ಕ ಹಿಡಿದ ತಪ್ಪು

ಅವರ ಎಡಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಉಗುರಿನ ಪಕ್ಕದ ಚರ್ಮ ನುಣುಪಾಗಿ, ಬೂದು ಬಣ್ಣಕ್ಕೆ ತಿರುಗಿ, ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗದಂತಿತ್ತು. ಹದಿನೈದನೆಯ ವಯಸ್ಸಿನಿಂದ ಸೀಸದ ಮೊಳೆಗಳನ್ನು, ಎಂದರೆ ಅಚ್ಚಿನ ಅಕ್ಷರಗಳನ್ನು, ಬಲಗೈಯಿಂದ ಒಂದೊಂದಾಗಿ ಹೆಕ್ಕಿ, ಎಡಗೈಯಲ್ಲಿ ಹಿಡಿದ ಕಬ್ಬಿಣದ ಪಟ್ಟಿಯೊಳಗೆ ಸಾಲಾಗಿ ನಿಲ್ಲಿಸಿ, ಬೀಳದ ಹಾಗೆ ಆ ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದರಲ್ಲೇ ಅವರ ಅರ್ಧ ಆಯುಷ್ಯ ಕಳೆದಿತ್ತು. ನಾನು ಅವರನ್ನು ಕಾಣುವ ಹೊತ್ತಿಗೆ ಆ ಮೊಳೆಗಳೆಲ್ಲ ಗುಜರಿಗೆ ಹೋಗಿ ಎಷ್ಟೋ ವರ್ಷಗಳಾಗಿದ್ದವು.

ನಾವೆಲ್ಲ ಅವರನ್ನು ಪ್ರೆಸ್ಸಿನಕ್ಕ ಎನ್ನುತ್ತಿದ್ದೆವು. ಕುಂದಾಪುರದ ಹಳೆಯ ಬಸ್‌ ನಿಲ್ದಾಣದ ಹತ್ತಿರ ಇದ್ದ ನಮ್ಮ ಡಿ.ಟಿ.ಪಿ. ಅಂಗಡಿ ಒಂದು ಕಾಲದಲ್ಲಿ ಮೊಳೆ ಜೋಡಿಸುವ ಪ್ರೆಸ್ಸೇ ಆಗಿತ್ತು. ಯಜಮಾನರು ಯಂತ್ರ ಮಾರಿದರು, ಮೊಳೆ ಮಾರಿದರು, ಮರದ ಖಾನೆಗಳನ್ನು ಬಚ್ಚಲ ಒಲೆಗೆ ಕೊಟ್ಟರು. ಅಕ್ಕನನ್ನು ಮಾತ್ರ ಬಿಡಲಿಲ್ಲ. ಕಂಪ್ಯೂಟರ್ ಬಂದ ಮೇಲೂ ಪ್ರೂಫ್ ನೋಡುವವರು ಬೇಕಲ್ಲ. ಬಸ್ರೂರಿನಿಂದ ದಿನಾ ಒಂಬತ್ತು ಗಂಟೆಯ ಬಸ್ಸಿಗೆ ಬಂದು, ಚಕ್ರದ ಕುರ್ಚಿ ಬೇಡವೆಂದು ಗೋಡೆಯ ಪಕ್ಕದ ಮರದ ಬೆಂಚಿನ ಮೇಲೆ ಕುಳಿತು, ಮದುವೆ ಕಾಗದ, ಸಹಕಾರಿ ಸಂಘದ ವರದಿ, ಯಕ್ಷಗಾನದ ಆಟದ ಹ್ಯಾಂಡ್‌ಬಿಲ್ಲು ಎಲ್ಲವನ್ನೂ ಒಂದೇ ಗಂಭೀರತೆಯಿಂದ ನೋಡುತ್ತಿದ್ದರು.

ನೋಡುವ ಕ್ರಮವೇ ಬೇರೆ. ಮೊದಲ ಸಲ ಕಾಗದವನ್ನು ನೆಟ್ಟಗೆ ಹಿಡಿದು ಓದುವರು. ಎರಡನೆಯ ಸಲ ತಲೆಕೆಳಗೆ ತಿರುಗಿಸಿ ಹಿಡಿಯುವರು. ಮೊಳೆಯ ಅಕ್ಷರ ಯಾವಾಗಲೂ ತಿರುಗುಮುರುಗಾಗಿಯೇ ಇರುವುದರಿಂದ ಹಾಗೆ ಅಕ್ಷರ ಗುರುತಿಸುವುದು ಅವರಿಗೆ ನೆಟ್ಟಗಿನಷ್ಟೇ ಸಲೀಸು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ನಾನು ಅದನ್ನು ಕಂಡು ನಕ್ಕಿದ್ದೆ. ಅವರು ಸಿಟ್ಟಾಗಲಿಲ್ಲ.

"ಓದಿರೆ ತಪ್ಪ್ ಕಾಂತಿಲ್ಲೆ ಹೆಣೆ," ಎಂದರು. "ಮನ್ಸ್ ತನ್ನಷ್ಟಕ್ಕೆ ಸರಿ ಮಾಡ್ಕಂಡ್ ಓದತ್ತ್. ತಲೆಕೆಳ್ಗ್ ಹಿಡ್ದ್ರೆ ಓದುಕೆ ಆತಿಲ್ಲೆ, ಕಾಂಬುಕೆ ಮಾತ್ರ ಆತ್ತ್. ನೀ ಓದ್ಬೇಡ, ಕಾಣ್."

ನಾನು ಗಂಗೊಳ್ಳಿಯವಳು. ಅಮ್ಮ ಬಂದರಿನಲ್ಲಿ ಮೀನು ಕೊಂಡು ಹೆಮ್ಮಾಡಿ ಕಡೆ ಮಾರುತ್ತಿದ್ದಳು. ಬಿ.ಕಾಂ. ಮುಗಿಸಿ ಅಂಗಡಿಗೆ ಸೇರಿದ ನನ್ನನ್ನು ಅಕ್ಕ ಮೊದಲ ದಿನವೇ ಮೇಲಿನಿಂದ ಕೆಳಗೆ ನೋಡಿ, "ಮೀನಿನ ಹೆಸ್ರ್ ಬಂದ್ರೆ ನಿನ್ನತ್ರ ಕೇಂತೆ, ಕಾಗುಣಿತ ನನ್ನತ್ರ ಕೇಣ್," ಎಂದು ಒಪ್ಪಂದ ಮಾಡಿಕೊಂಡಿದ್ದರು. ಅವರು ಶಾಲೆಗೆ ಹೋದದ್ದು ಏಳನೆಯ ತರಗತಿಯ ತನಕ.

ಆ ಒಪ್ಪಂದ ನಿಜವಾಗಿ ಕೆಲಸಕ್ಕೆ ಬಂದದ್ದು ಬೈಂದೂರಿನ ಮಾಸ್ತರರು ನಮ್ಮ ಮೆಟ್ಟಿಲು ಹತ್ತಿದ ದಿನ.

ಮಾಸ್ತರರು ಪ್ರಾಥಮಿಕ ಶಾಲೆಯಿಂದ ನಿವೃತ್ತರು. ಕಡಲಿಗೆ, ದೋಣಿಗೆ, ಬಲೆಗೆ, ಮೀನಿಗೆ ಸಂಬಂಧಿಸಿದ ನಮ್ಮ ಕಡೆಯ ಮಾತುಗಳನ್ನು ಅವರು ಕೆಲಸಕ್ಕೆ ಸೇರಿದಂದಿನಿಂದ ಬರೆದಿಡುತ್ತ ಬಂದಿದ್ದರು. ಗಾಳಿಯ ಹೆಸರು, ತೆರೆಯ ಹೆಸರು, ಬಲೆಯ ಕಣ್ಣಿನ ಅಳತೆಯ ಹೆಸರು, ಈಗಿನ ಮಕ್ಕಳಿಗೆ ಗೊತ್ತೇ ಇಲ್ಲದ ಎಷ್ಟೋ ಮಾತು. ಅವರ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನೆಲ್ಲ ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದ. ಇಷ್ಟರಲ್ಲಿ ಮಾಸ್ತರರ ಕಣ್ಣಿನ ನರಕ್ಕೆ ಕಾಯಿಲೆ ಬಂತು. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದೂ ನಿಲ್ಲುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಆಗಲೇ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಅವರಿಗೆ ಕಾಣುತ್ತಿತ್ತು.

"ನಂಗೆ ಅಚ್ಚ್ ಮಾಡಿದ್ದ್ ಬೇಡ," ಎಂದರು ಮಾಸ್ತರರು. "ಫೋನಂಗೆ ಹಾಕಿ ಕೊಡಿ. ಫೋನ್ ಓದಿ ಹೇಳತ್ತಂಬ್ರಲೆ? ಪಟ್ಟಿಯಂಗೆ ಶಬ್ದ ಮುಟ್ರೆ ಅರ್ಥ ಇಪ್ಪಲ್ಲಿಗೇ ಹೋಯ್ಕ್. ಕಾಂಬುದ್ ಒಂದಲ್ಲ ಒಂದ್ ದಿನ ನಿಂತ್ ಹೋತ್ತ್. ಕೇಂಬುಕಾರೂ ಆಯ್ಕ್."

ಯಜಮಾನರು ಕೈ ಮುಗಿದರು. "ನಮ್ಗೆ ಮದಿ ಕಾರ್ಡ್ ಮಾಡುಕೆ ಗೊತ್ತ್ ಮಾಷ್ಟ್ರೇ, ಇದೆಲ್ಲ ಗೊತ್ತಿಲ್ಲೆ."

ನನಗೆ ಯಾಕೆ ಬಾಯಿ ಬಂತೋ, "ನಾನ್ ಮಾಡ್ತೆ ಸರ್," ಎಂದುಬಿಟ್ಟೆ. ಡಿಜಿಟಲ್ ಪುಸ್ತಕ ಕಟ್ಟುವುದನ್ನು ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿ ತಿಳಿದದ್ದಷ್ಟೇ ನನ್ನ ಬಂಡವಾಳ. ಮಾಸ್ತರರು ಧ್ವನಿ ಬಂದ ಕಡೆಗೆ ಮುಖ ತಿರುಗಿಸಿ, "ಯಾರ್ ಮಗಾ ಅದ್?" ಎಂದು ಕೇಳಿ, ಗಂಗೊಳ್ಳಿ ಎಂದು ತಿಳಿದ ಕೂಡಲೇ ಪೆನ್‌ಡ್ರೈವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಅವರ ಹಳೆಯ ವಿದ್ಯಾರ್ಥಿಗಳು ಬಿಡುಗಡೆಗೆ ಭಾನುವಾರವೊಂದನ್ನು ಗೊತ್ತು ಮಾಡಿ, ಕಾಗದವನ್ನೂ ಹಂಚಿ ಆಗಿತ್ತು.

ಕೆಲಸ ಹೀಗಿತ್ತು. ಹಳೆಯ ಫಾಂಟಿನ ಬರಹವನ್ನು ಒಂದು ಪರಿವರ್ತಕದಿಂದ ಈಗಿನ ಯೂನಿಕೋಡ್ ಕನ್ನಡಕ್ಕೆ ತಂದು, ಒಂದೊಂದು ಅಧ್ಯಾಯಕ್ಕೆ ಒಂದೊಂದು ಫೈಲು ಮಾಡಿಕೊಳ್ಳಬೇಕು. ಶಬ್ದಗಳ ಪಟ್ಟಿಗೆ ಬೇರೆ ಫೈಲು. ಆಮೇಲೆ ಒಂದು ಆದೇಶ ಕೊಟ್ಟರೆ ಸಾಫ್ಟ್‌ವೇರ್ ಎಲ್ಲವನ್ನೂ ಸೇರಿಸಿ ಪುಸ್ತಕ ಕಟ್ಟುತ್ತದೆ. ಪಟ್ಟಿಯನ್ನು ನಾನೇ ಕುಳಿತು ಹೊಸದಾಗಿ ಟೈಪ್ ಮಾಡಿದೆ. ಎಲ್ಲ ಸಿದ್ಧವಾದ ದಿನ ಆದೇಶ ಕೊಟ್ಟು ಕಾಯುತ್ತ ಕುಳಿತೆ. ಕಪ್ಪು ಪರದೆಯ ಮೇಲೆ ಕೆಂಪು ಅಕ್ಷರ ಮಳೆಗಾಲದ ಇರುವೆಯ ಹಾಗೆ ಹರಿದು ಬಂತು. ಇನ್ನೂರಕ್ಕೂ ಮೇಲೆ ತಪ್ಪು. ಪುಸ್ತಕ ಕಟ್ಟಲಿಲ್ಲ.

ಕೆಳಗಿನಿಂದ ಒಂದನ್ನು ಹಿಡಿದು ತಿದ್ದಿದೆ, ನಡುವಿನದನ್ನೊಂದು ತಿದ್ದಿದೆ. ತಪ್ಪುಗಳು ಇನ್ನಷ್ಟು ಹೆಚ್ಚಿದವು. ಮಧ್ಯಾಹ್ನದ ಊಟದ ಡಬ್ಬಿ ತೆರೆಯದೆ ಕುಳಿತ ನನ್ನನ್ನು ಅಕ್ಕ ಕಂಡರು.

"ಎಂತಕ್ ಮುಖ ಸಣ್ಣ ಆಯ್ತ್ ಹೆಣೆ?"

"ಇನ್ನೂರ್ ತಪ್ಪ್ ತೋರ್ಸತ್ತ್ ಅಕ್ಕ. ಎಲ್ಲಿಂದ ಸುರು ಮಾಡುದ್ ಅಂದೇಳಿಯೇ ಗೊತ್ತಾತಿಲ್ಲೆ."

ಅವರು ತಮ್ಮ ಬೆಂಚನ್ನು ನನ್ನ ಮೇಜಿನ ಬಳಿಗೆ ಎಳೆದುಕೊಂಡರು. "ಮೊದ್ಲಿನದ್ದ್ ಎಂತ ಹೇಳತ್ತ್?"

"ಇಂಗ್ಲಿಷಂಗಿತ್ತ್."

"ನೀ ಕಾಲೇಜಿಗೆ ಹೋದದ್ದಲ್ದಾ? ಓದಿ ಹೇಳ್."

ಓದಿದೆ. ನಾಲ್ಕನೆಯ ಫೈಲು, ಹನ್ನೊಂದನೆಯ ಸಾಲಿನಲ್ಲಿ ಇರಬಾರದ ಒಂದು ಚಿಹ್ನೆ ಇದೆ ಎಂದಿತ್ತು. ತೆರೆದು ನೋಡಿದರೆ ಅಧ್ಯಾಯದ ತಲೆಬರಹದಲ್ಲಿ ಬಲೆ, ಗಾಳ ಎರಡರ ನಡುವೆ 'ಮತ್ತು' ಎಂದು ಬರೆಯುವ ಬದಲು, ಅಂಗಡಿ ಬೋರ್ಡುಗಳಲ್ಲಿ ಹಾಕುವ ಆ ಸುರುಳಿ ಚಿಹ್ನೆ ಇತ್ತು. ಆ ಸಾಫ್ಟ್‌ವೇರಿಗೆ ಅದು ತನ್ನದೇ ಸಂಕೇತವೊಂದರ ಆರಂಭ. ಅಲ್ಲಿಂದ ಮುಂದೆ ಅದಕ್ಕೆ ಯಾವುದೂ ಅರ್ಥವಾಗಿರಲಿಲ್ಲ. ಚಿಹ್ನೆ ತೆಗೆದು 'ಮತ್ತು' ಎಂದು ಬರೆದೆ. ಉಳಿದ ತಲೆಬರಹಗಳನ್ನೂ ಒಟ್ಟಿಗೇ ಬದಲಿಸಲು ಹೊರಟಾಗ ಅಕ್ಕ ನನ್ನ ಮಣಿಕಟ್ಟು ಹಿಡಿದರು.

"ಒಂದ್ ಸರ್ತಿಗೆ ಒಂದೇ. ಎರಡ್ ಮಾಡಿರೆ ಯಾವುದ್ರಿಂದ ಸರಿ ಆಯ್ತ್ ಅಂದೇಳಿ ಗೊತ್ತಾತಿಲ್ಲೆ."

ಮತ್ತೆ ಆದೇಶ ಕೊಟ್ಟೆ. ಇನ್ನೂರರಷ್ಟಿದ್ದ ತಪ್ಪು ಒಂಬತ್ತಕ್ಕೆ ಇಳಿದಿತ್ತು.

"ಕಂಡ್ಯಾ?" ಅಕ್ಕ ಎದ್ದು ಬೆಂಚನ್ನು ಮರಳಿ ಗೋಡೆಗೆ ತಳ್ಳಿದರು. "ಮೇಲಿನದ್ದ್ ಅಬ್ಬಿ, ಕೆಳ್ಗಿನದ್ದೆಲ್ಲ ಅದ್ರ್ ಮಕ್ಳ್. ಅಬ್ಬಿನ್ ಹಿಡಿ. ಈಗ್ಳ್ ಉಣ್."

ಆ ಒಂಬತ್ತನ್ನು ಸಂಜೆಯೊಳಗೆ ಮುಗಿಸಿದೆ. ಪುಸ್ತಕ ಕಟ್ಟಿತು. ಫೋನಿನಲ್ಲಿ ತೆರೆಯಿತು. ಓದಿಯೂ ಹೇಳಿತು. ಸಂತೋಷದಲ್ಲಿ ಪಟ್ಟಿಯಲ್ಲಿದ್ದ 'ಬಲೆ' ಮುಟ್ಟಿದೆ, ಸೀದಾ ಅರ್ಥಕ್ಕೆ ಹೋಯಿತು. 'ದೋಣಿ' ಮುಟ್ಟಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಮುಟ್ಟಿದೆ. ಇಲ್ಲ. 'ಮೀನು' ಮುಟ್ಟಿದೆ, ಇಲ್ಲ. ಪಟ್ಟಿಯ ಅರ್ಧದಷ್ಟು ಶಬ್ದಗಳು ಸತ್ತ ಹಾಗೆ ಬಿದ್ದುಕೊಂಡಿದ್ದವು. ಪುಸ್ತಕ ಪರೀಕ್ಷಿಸುವ ಸಾಫ್ಟ್‌ವೇರಿಗೆ ಹಾಕಿದರೆ, ನೀವು ಹೇಳುವ 'ದೋಣಿ' ಎಂಬುದು ಈ ಪುಸ್ತಕದಲ್ಲೇ ಇಲ್ಲ ಎಂಬ ಉತ್ತರ. ಕಣ್ಣೆದುರಿಗೇ ಇದೆ! ಪಟ್ಟಿಯಲ್ಲೂ ದೋಣಿ, ಒಳಗೂ ದೋಣಿ. ಎರಡನ್ನೂ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಚುಕ್ಕೆಯ ವ್ಯತ್ಯಾಸವೂ ಇರಲಿಲ್ಲ.

ಮೂರು ದಿನ ಹೋಯಿತು. ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿದೆ, ಬೇರೆ ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದೆ, ಫೈಲುಗಳ ಹೆಸರು ಬದಲಿಸಿದೆ. ಶುಕ್ರವಾರ ಬೆಳಿಗ್ಗೆ ಯಜಮಾನರು ಬಂದು ಹಿಂದೆ ನಿಂತರು. ಅವರದೂ ತಪ್ಪಲ್ಲ, ಬಿಡುಗಡೆಗೆ ಎರಡೇ ದಿನ ಇತ್ತು. "ಮುಟ್ಟಿ ಹೋಪುದೆಲ್ಲ ಬೇಡ. ಬರೀ ಓದಿ ಹೇಳ್ರೆ ಸಾಕ್. ಐತಾರಕ್ಕೆ ಕೊಡ್ಕಲೆ," ಎಂದರು.

ನಾನು ಮಾಸ್ತರರಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಹಂಗಾರೆ ಒಂದ್ ಶಬ್ದ ಬೇಕಾರೆ ಇಡೀ ಪುಸ್ತಕ ಕೇಣ್ಕಾ ಮಗಾ?" ಎಂದರು. ನನ್ನ ಉತ್ತರಕ್ಕೆ ಕಾಯದೆ ಅವರೇ, "ಅಡ್ಡಿಲ್ಲೆ, ಅಡ್ಡಿಲ್ಲೆ," ಎಂದು ಫೋನಿಟ್ಟರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಅಡ್ಡಿಲ್ಲೆ ಕೇಳಿ ಕಣ್ಣಲ್ಲಿ ನೀರು ಬಂತು.

"ಎಂತ ಹೇಳ್ರ್ ಮಾಷ್ಟ್ರ್?" ಅಕ್ಕ ಬೆಂಚಿನಿಂದಲೇ ಕೇಳಿದರು.

"ಅಡ್ಡಿಲ್ಲೆ ಅಂದ್ರ್."

"ಅಡ್ಡಿ ಇದ್ದದ್ಕೇ ಹಾಂಗ್ ಹೇಳುದ್." ಕೈಲಿದ್ದ ಮದುವೆ ಕಾಗದದ ಪ್ರೂಫನ್ನು ಪಕ್ಕಕ್ಕಿಟ್ಟರು. "ಒಂದ್ ಬಿಳಿ ಕಾಗ್ದ ತಕಾ. ಮುಟ್ರೆ ಹೋಪುದೆಲ್ಲ ಒಂದ್ ಬದಿಗೆ ಬರಿ. ಹೋಗ್ದಿದ್ದದ್ದ್ ಇನ್ನೊಂದ್ ಬದಿಗೆ. ಪೆನ್ನಂಗೆ ಬರಿ, ದೊಡ್ಡಕ್ಕೆ."

ಬರೆದೆ. ಎಡಕ್ಕೆ ಬಲೆ, ಗಾಳ, ರಂಪಣಿ, ತೆರೆ, ಅಳಿವೆ, ಬಂಗುಡೆ, ಕಾಣೆ, ತಾಟೆ, ಬೂತಾಯಿ. ಬಲಕ್ಕೆ ಮೀನು, ದೋಣಿ, ಬೀಸುಬಲೆ, ತೇಲುಬಲೆ, ಕೈರಂಪಣಿ, ತೊರಕೆ. ಎರಡೂ ಕಡೆ ಪುಟ ತುಂಬುವ ತನಕ ಅಕ್ಕ ಬಿಡಲಿಲ್ಲ. ಆಮೇಲೆ ಕಾಗದವನ್ನು ತೆಗೆದುಕೊಂಡು ತಲೆಕೆಳಗೆ ಮಾಡಿ ತೊಡೆಯ ಮೇಲಿಟ್ಟುಕೊಂಡರು.

"ಬಲೆ ಹೋತ್ತ್, ಬೀಸುಬಲೆ ಹೋತಿಲ್ಲೆ," ಎಂದರು. "ರಂಪಣಿ ಹೋತ್ತ್, ಕೈರಂಪಣಿ ಹೋತಿಲ್ಲೆ. ಎಂತಕೆ?"

"ಉದ್ದ ಶಬ್ದ ಅಂದೇಳಿಯಾ?"

"ಮೀನು ಎಷ್ಟ್ ಉದ್ದ ಇತ್ತ್?"

ಅಕ್ಕನ ಬೆರಳು ಬಲಬದಿಯ ಸಾಲಿನ ಮೇಲೆ ಒಂದೊಂದೇ ಅಕ್ಷರಕ್ಕೆ ನಿಂತು ನಿಂತು ಹೋಗುತ್ತಿತ್ತು. ತುಟಿ ಅಲ್ಲಾಡುತ್ತಿತ್ತು. ಹೊರಗೆ ಬಸ್ಸಿನ ಕಂಡಕ್ಟರ್ ಸಿದ್ದಾಪುರ, ಸಿದ್ದಾಪುರ ಎಂದು ಕೂಗುತ್ತಿದ್ದ. ಒಮ್ಮೆಲೇ ಅಕ್ಕ ಮಗ್ಗಿ ಹೇಳುವವರ ಹಾಗೆ ದೊಡ್ಡದಾಗಿ ಕಾಗುಣಿತ ಹೇಳತೊಡಗಿದರು.

"ತಲೆಕಟ್ಟ್ ಸರಿ ಇತ್ತ್. ಅದ್ರ್ ದೀರ್ಘ ಸರಿ ಇತ್ತ್. ಗುಡಿಸು ಸರಿ. ಕೊಂಬು ಸರಿ, ಕೊಂಬಿನ ದೀರ್ಘ ಸರಿ. ಎತ್ವ ಸರಿ. ಗುಡಿಸಿನ ದೀರ್ಘ ತಪ್ಪ್! ಏತ್ವ ತಪ್ಪ್, ಐತ್ವ ತಪ್ಪ್, ಒತ್ವ ತಪ್ಪ್, ಓತ್ವ ತಪ್ಪ್. ಹ್ವಾಯ್! ಈ ಐದೇ ಹೆಣೆ, ಈ ಐದ್ ಬಂದಲ್ಲೆಲ್ಲ ನಿನ್ ಪುಸ್ತಕ ಕಚ್ಕಂತಿಲ್ಲೆ!"

ಕಾಗದ ನೋಡಿದೆ. ಹೌದು. ಮೀ, ತೇ, ಕೈ, ತೊ, ದೋ. ಬಲಬದಿಯಲ್ಲಿ ಈ ಐದರಲ್ಲಿ ಒಂದಿಲ್ಲದ ಶಬ್ದವೇ ಇರಲಿಲ್ಲ. ಎಡಬದಿಯಲ್ಲಿ ಇವುಗಳಲ್ಲಿ ಒಂದಾದರೂ ಇದ್ದ ಶಬ್ದ ಇರಲಿಲ್ಲ.

"ಆರೆ ಎಂತಕೆ ಅಕ್ಕ? ಎರಡ್ ಕಡೆಯೂ ಒಂದೇ ಅಕ್ಷರ ಅಲ್ದಾ?"

"ಕಾಂಬುಕೆ ಒಂದೇ." ಅವರು ಬೆಂಚಿನ ತುದಿಗೆ ಸರಿದರು. "ನಮ್ ಪ್ರೆಸ್ಸಂಗೆ ಈ ಐದಕ್ಕೂ ಬಾಲದ ಮೊಳೆ ಬೇರೆಯೇ ಇದ್ದಿತ್ತ್. 'ದೋ' ಅಂಬುಕೆ ನಾನ್ ಮೂರ್ ಮೊಳೆ ಹೆಕ್ತಿದ್ದೆ, 'ದೆ'ದ್ದೊಂದ್, ಕೊಂಬಿಂದೊಂದ್, ದೀರ್ಘದ್ದೊಂದ್. ಅಚ್ಚಾದ್ ಮೇಲೆ ಯಾರಿಗ್ ಗೊತ್ತಾತ್ತ್? ನಿನ್ ಕಂಪ್ಯೂಟರಂಗೂ ಒಂದ್ ಕಡೆ ಮೂರ್ ಮೊಳೆ, ಒಂದ್ ಕಡೆ ಒಂದೇ ಮೊಳೆ ಇಪ್ಪುಕೂ ಸಾಕ್. ಎಣ್ಸಿ ಕಾಣ್."

ಎಣಿಸುವುದು ಕಂಪ್ಯೂಟರಿಗೆ ಗೊತ್ತಿತ್ತು, ಎಣಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಪಟ್ಟಿಯ 'ದೋಣಿ'ಯನ್ನು ಕೊಟ್ಟು ಎಷ್ಟು ಸಂಕೇತ ಎಂದು ಕೇಳಿದೆ. ನಾಲ್ಕು ಎಂದಿತು. ಒಳಗಿನ 'ದೋಣಿ'ಯನ್ನು ಕೊಟ್ಟೆ.

ಆರು.

ನಾನು ಕುರ್ಚಿಯಿಂದ ಎದ್ದು ನಿಂತದ್ದು ನೆನಪಿದೆ. ಹಳೆಯ ಫಾಂಟು ಅಕ್ಕನ ಮೊಳೆಗಳ ಹಾಗೆಯೇ ಈ ಐದರ ಬಾಲವನ್ನು ಬಿಡಿಯಾಗಿ ಇಟ್ಟುಕೊಂಡಿತ್ತು. ಪರಿವರ್ತಕ ಅದನ್ನು ಬಿಡಿಯಾಗಿಯೇ ತಂದು ಜೋಡಿಸಿತ್ತು. ನಾನು ಹೊಸದಾಗಿ ಟೈಪ್ ಮಾಡಿದ ಪಟ್ಟಿಯಲ್ಲಿ ಅದು ಒಂದೇ ಸಂಕೇತವಾಗಿತ್ತು. ಮನುಷ್ಯರ ಕಣ್ಣಿಗೆ ಒಂದೇ ದೋಣಿ, ಯಂತ್ರಕ್ಕೆ ಎರಡು. ಮೂರು ದಿನ ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿದ್ದು, ಮುಟ್ಟಿದರೆ ಹೋಗುವುದಿಲ್ಲ ಯಾಕೆ ಎಂದು. ಈಗ, ಒಂದೇ ಅಕ್ಷರಕ್ಕೆ ಎರಡು ರೂಪವಿದ್ದರೆ ಒಂದು ಮಾಡುವುದು ಹೇಗೆ ಎಂದು ಹುಡುಕಿದೆ. ಉತ್ತರ ಐದು ನಿಮಿಷದಲ್ಲಿ ಸಿಕ್ಕಿತು, ಅದೂ ಒಂದೇ ಸಾಲಿನದು. ಎಲ್ಲ ಫೈಲುಗಳ ಮೇಲೆ ಆ ಸಾಲನ್ನು ಓಡಿಸಿ ಪುಸ್ತಕ ಕಟ್ಟಿದೆ, ಪರೀಕ್ಷೆಗೆ ಹಾಕಿದೆ. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಒಂದೇ ಒಂದು ಸಾಲು ಬಂತು: ತಪ್ಪುಗಳು ಸೊನ್ನೆ.

ನಾನು ಕಿರುಚಿದೆನಂತೆ. ಯಜಮಾನರು ಕರೆಂಟ್ ಹೊಡೆಯಿತೆಂದು ಓಡಿ ಬಂದರು. ಅಕ್ಕ ಫೋನನ್ನು ಕೈಗೆ ತೆಗೆದುಕೊಂಡು ಬಲಬದಿಯ ಶಬ್ದಗಳನ್ನು ಒಂದೂ ಬಿಡದೆ ಮುಟ್ಟಿದರು. ಮುಟ್ಟಿದ್ದೆಲ್ಲ ಹೋಯಿತು. ಪ್ರತಿ ಸಲವೂ "ಹೋಯ್ತ್!" ಎನ್ನುತ್ತಿದ್ದರು, ಚಿಕ್ಕ ಮಕ್ಕಳು ಹೊಳೆಗೆ ಕಲ್ಲು ಎಸೆದು ಕೂಗುವ ಹಾಗೆ. ಯಜಮಾನರು ಎದುರಿನ ಹೋಟೆಲಿನಿಂದ ಮೂವರಿಗೂ ಗೋಳಿಬಜೆ ತರಿಸಿದರು. ಆ ಅಂಗಡಿಯಲ್ಲಿ ಅಂಥದ್ದು ನಡೆದದ್ದು ನಾನು ಕಂಡಂತೆ ಅದೊಂದೇ ಸಲ.

ಭಾನುವಾರ ಬೈಂದೂರಿನಲ್ಲಿ ಮಾಸ್ತರರು ಕಲಿಸಿದ ಶಾಲೆಯ ಹಾಲಿನಲ್ಲಿ ಕುರ್ಚಿ ಸಾಲದೆ ಜನ ಕಿಟಕಿಯ ಹತ್ತಿರ ನಿಂತಿದ್ದರು. ಅರ್ಧಕ್ಕರ್ಧ ಮೀನುಗಾರರ ಮನೆಯವರು. ನನ್ನ ಅಮ್ಮನೂ ವ್ಯಾಪಾರ ಬಿಟ್ಟು ಬಂದಿದ್ದಳು. ಭಾಷಣಗಳೆಲ್ಲ ಆದ ಮೇಲೆ ಮಾಸ್ತರರ ಕೈಗೆ ಫೋನ್ ಕೊಟ್ಟು, ಮೈಕನ್ನು ಅದರ ಹತ್ತಿರ ಹಿಡಿದೆ. ಅವರ ಬೆರಳು ಗಾಜಿನ ಮೇಲೆ ಸವರುತ್ತ ಹೋಯಿತು. ಫೋನ್ ಒಂದೊಂದೇ ಶಬ್ದ ಹೇಳುತ್ತಿತ್ತು. 'ಕೈರಂಪಣಿ' ಎಂದಾಗ ಬೆರಳು ನಿಂತಿತು. ಮಾಸ್ತರರು ಎರಡು ಸಲ ತಟ್ಟಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಾಲಿನ ಮೂಲೆಮೂಲೆಗೂ ಕೇಳಿತು: "ದಡದಲ್ಲಿ ಎರಡು ಬದಿಗೂ ಜನ ನಿಂತು ಕೈಯಿಂದಲೇ ಎಳೆಯುವ ಬಲೆ. ಎಳೆಯಲು ಬಂದವರಿಗೆಲ್ಲ ಪಾಲು ಉಂಟು."

ಮಾಸ್ತರರು ತಲೆ ಎತ್ತಿದರು. ಜನರ ಕಡೆಗಲ್ಲ, ಸ್ವಲ್ಪ ಮೇಲಕ್ಕೆ ನೋಡುತ್ತಿದ್ದರು.

"ಹ್ವಾಯ್," ಎಂದರು ಮೈಕಿನಲ್ಲಿ, "ಅದ್ ನಾನ್ ಬರ್ದದ್ದೇ!"

ಆ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ಜನ ಒಂದೊಂದೇ ಶಬ್ದ ಕೂಗಿ ಹೇಳತೊಡಗಿದರು. ನನ್ನ ಅಮ್ಮ ನಡುವೆ ಎದ್ದು ನಿಂತು "ತೊರಕೆ ಮೀನ್ ಇತ್ತಾ ಕಾಣಿ ಮಾಷ್ಟ್ರೇ" ಎಂದಳು. ಇತ್ತು. ಪ್ರೆಸ್ಸಿನಕ್ಕ ಕೊನೆಯ ಸಾಲಿನಲ್ಲಿ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಪುಸ್ತಕದಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದು ಮಾಸ್ತರರು ಎಷ್ಟು ಹೇಳಿದರೂ ಒಪ್ಪಿರಲಿಲ್ಲ. "ಬೇಡ ಮಾಷ್ಟ್ರೇ. ನಾಳೆ ಒಂದ್ ತಪ್ಪ್ ಕಂಡ್ರೆ ಎಲ್ರೂ ನಂಗೇ ಬೈತ್ರ್," ಎಂದಿದ್ದರು.

ತಪ್ಪು ಕಂಡದ್ದು ಅವರಿಗೇ. ಸೋಮವಾರ ಬಸ್ಸಿಳಿದವರು ಚಪ್ಪಲಿ ಬಿಡುವ ಮೊದಲೇ, "ತೊರಕೆಗೆ ಬಾಲದಂಗೆ ಇಪ್ಪುದ್ ಮುಳ್ಳ್ ಅಲ್ದಾ? ಫೋನ್ ಮಳ್ಳ್ ಅಂತ ಹೇಳತ್ತ್ ಕಾಣ್," ಎಂದರು. ಬಸ್ಸಿನಲ್ಲಿ ಕಿವಿಗೆ ಹಿಡಿದು ಕೇಳುತ್ತ ಬಂದಿದ್ದರಂತೆ. ತೆರೆದು ನೋಡಿದರೆ ಒಂದು ಕೊಂಬು ಬಿಟ್ಟುಹೋಗಿತ್ತು. ಮಳ್ಳು ಎಂದರೆ ನಮ್ಮಲ್ಲಿ ಹುಚ್ಚು. ಇಬ್ಬರೂ ನಕ್ಕೆವು. ನಾನು ಕೊಂಬು ಹಾಕಿ, ಪುಸ್ತಕ ಕಟ್ಟಿ, ಪರೀಕ್ಷಿಸಿ, ಮಾಸ್ತರರ ಫೋನಿಗೆ ಕಳಿಸಿದೆ. ಅಕ್ಕ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ.

"ಆಯ್ತಾ? ಇಷ್ಟೇಯಾ?"

"ಇಷ್ಟೇ ಅಕ್ಕ."

ಅವರು ಬೆಂಚಿನ ಮೇಲೆ ಕುಳಿತರು. ಅವರ ಕಾಲದಲ್ಲಿ ಒಂದು ಪುಸ್ತಕ ಅಚ್ಚಾದ ಮೇಲೆ, ಮೊದಲ ಪುಟದಲ್ಲೇ ತಪ್ಪು ಕಂಡಿತ್ತಂತೆ. ಸರಿಯಾದ ಶಬ್ದವನ್ನು ಚೀಟಿಯಲ್ಲಿ ಮುದ್ರಿಸಿ, ಒಂದೊಂದೇ ಪ್ರತಿಗೆ ಕೈಯಿಂದ ಅಂಟಿಸುತ್ತ ವಾರಗಟ್ಟಲೆ ಕುಳಿತಿದ್ದರಂತೆ. ಆಗಲೇ ಹಂಚಿ ಹೋದ ಪ್ರತಿಗಳು ಹೋದದ್ದೇ. "ಇವತ್ತಿಗೂ ಯಾರ್ದೋ ಮನಿಯಂಗೆ ಆ ತಪ್ಪ್ ಹಾಂಗೇ ಕೂತಿತ್ತಲೆ ಅಂತ ನೆನ್ಪಾತ್ತ್," ಎಂದರು. "ತಿದ್ದುಕೆ ಆಪುದ್ ಎಷ್ಟ್ ದೊಡ್ಡ ಸುಖ ಹೆಣೆ. ನಿಂಗೆ ಅದ್ ಗೊತ್ತೇ ಇಲ್ಲೆ."

ಆಮೇಲೆ ನಾಲ್ಕು ವರ್ಷ ನಾವಿಬ್ಬರೂ ಒಟ್ಟಿಗೆ ಕೆಲಸ ಮಾಡಿದೆವು. ಮಾಸ್ತರರ ಪುಸ್ತಕ ಕಂಡು ಬ್ರಹ್ಮಾವರದಿಂದ, ಸಾಸ್ತಾನದಿಂದ, ಮುಂಬೈಯಲ್ಲಿರುವ ನಮ್ಮ ಊರಿನವರಿಂದ ಹಳೆಯ ಫೈಲುಗಳು ಬರತೊಡಗಿದವು. ಬೋರ್ಡಿನಲ್ಲಿ ಯಜಮಾನರು ಡಿಜಿಟಲ್ ಪುಸ್ತಕ ಎಂದು ಸೇರಿಸಿದರು. ಮಾಸ್ತರರಿಗೆ ಈಗ ಪೂರ್ತಿ ಕಾಣುವುದಿಲ್ಲ. ವಾರಕ್ಕೊಮ್ಮೆ ಫೋನ್ ಮಾಡಿ ಸೇರಿಸಲು ಹೊಸ ಶಬ್ದ ಹೇಳುತ್ತಾರೆ. ಹೋದ ವರ್ಷ ಅಕ್ಕ, ಎರಡು ದಿನ ಜ್ವರವೆಂದು ಮಲಗಿದವರು, ಮೂರನೆಯ ದಿನ ತೀರಿಕೊಂಡರು. ಕೊನೆಯ ವಾರವೂ ಪ್ರೂಫ್ ನೋಡಿದ್ದರು.

ಈಚೆಗೆ ಬ್ರಹ್ಮಾವರ ಕಡೆಯ ಕಾಲೇಜೊಂದರಲ್ಲಿ ಕನ್ನಡದ ಡಿಜಿಟಲ್ ಪುಸ್ತಕ ಮಾಡುವುದನ್ನು ಮಕ್ಕಳಿಗೆ ಹೇಳಿಕೊಡಿ ಎಂದು ಕರೆದಿದ್ದರು. ತಪ್ಪುಗಳನ್ನು ಹೇಗೆ ಹುಡುಕಬೇಕೆಂದು ತೋರಿಸಿದೆ. ಕೊನೆಗೆ ಒಬ್ಬಳು ಎದ್ದು, "ಮೇಡಂ, ನೀವ್ ಇದನ್ನ್ ಎಲ್ಲಿ ಕಲ್ತದ್ದ್? ಕೋರ್ಸ್ ಇತ್ತಾ?" ಎಂದು ಕೇಳಿದಳು.

ನಾನು ಚಾಕ್ ತೆಗೆದುಕೊಂಡು ಕರಿಹಲಗೆಯ ಮೇಲೆ ಅಕ್ಕನ ಹೆಸರನ್ನು, ಊರಿನ ಸಮೇತ, ದೊಡ್ಡದಾಗಿ ಬರೆದೆ. ಈ ಗುರುಗಳ ಹತ್ತಿರ ಕಲಿತೆ ಎಂದೆ. ಮಕ್ಕಳು ಪುಸ್ತಕ ತೆರೆದು ಬರೆದುಕೊಂಡರು. ಬೆಂಚುಗಳ ನಡುವೆ ನಡೆಯುತ್ತ ಹೋದೆ. ಮೂರನೆಯ ಸಾಲಿನ ಹುಡುಗಿ ಅವರ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟಿದ್ದಳು. ಪಕ್ಕದಲ್ಲಿ ನಿಂತು, ಸರಿ ಬರೆಯುವ ತನಕ ಕಾದು, ಮುಂದೆ ಹೋದೆ.